ಡಿಸೈನರ್‌ಗೆ ಕೋಡಿಂಗ್ ಬರಲೇಬೇಕಾ?

ನಮ್ಮಕ್ಕನ ಮಗಳು ಮೈಸೂರಲ್ಲಿ ಚಿತ್ರಕಲೆ ಓದಿದವಳು. ಆ್ಯಪ್ ಡಿಸೈನ್ ಕೆಲಸ ಹುಡುಕ್ಕೊಂಡು ಪುಣೆಗೆ ಬಂದು ನಮ್ಮನೇಲೇ ಇದ್ದಾಳೆ. ಮೊನ್ನೆ ಊಟಕ್ಕೆ ಕೂತಾಗ ಕೇಳಿದ್ಳು, “ಮಾಮ, ನಂಗೆ ಕೋಡಿಂಗ್ ಬರಲ್ಲ. ಇಂಜಿನಿಯರಿಂಗ್ ಓದಿದವ್ರ ಮುಂದೆ ನನಗ್ಯಾರು ಕೆಲಸ ಕೊಡ್ತಾರೆ?” ನಾನು 6 ವರ್ಷ ಕೋಡ್ ಬರೆದು ಆಮೇಲೆ ಡಿಸೈನ್‌ಗೆ ಬಂದವನು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

ಮೊದಲು ಲಾಭ. ‘ರದ್ದು’ ಅಂತ ಒಂದು ಬಟನ್ ಇದೆ ಅನ್ಕೊಳ್ಳಿ. ಇಂಗ್ಲಿಷ್ ಅಕ್ಷರದ ಅಳತೆಗೆ ಬಟನ್ನಿನ ಎತ್ತರ ಕಟ್ಟಿಹಾಕಿದ್ರೆ ಕೆಳಗಿನ ಒತ್ತು ಕತ್ತರಿಸಿಹೋಗಿ ‘ರದು’ ಅಂತ ಕಾಣುತ್ತೆ. ಇನ್ನು ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 6. ಹೆಸರಿನ ಜಾಗಕ್ಕೆ 10 ಅಕ್ಷರದ ಮಿತಿ ಹಾಕಿದ್ರೆ ನಮ್ಮವರ ಹೆಸರು ಅರ್ಧಕ್ಕೇ ನಿಲ್ಲುತ್ತೆ. ಕೋಡ್ ಬರೆದು ಕೈ ಸುಟ್ಟುಕೊಂಡವನಿಗೆ ಇಂಥವು ಬೇಗ ಹೊಳೆಯುತ್ತವೆ. ನೆಟ್ ನಿಂತರೆ ಏನು, ಪಟ್ಟಿ ಖಾಲಿ ಇದ್ದರೆ ಏನು ತೋರಿಸಬೇಕು ಅನ್ನೋ ಪ್ರಶ್ನೆಗಳೂ ಅಷ್ಟೆ.

ಈಗ ನಷ್ಟ. ಹಿಂದೆ ಒಂದು ಕಂಪನಿಯಲ್ಲಿ ಡೆಲಿವರಿ ಹುಡುಗರ ಆ್ಯಪ್ ಮಾಡ್ತಿದ್ವಿ. “ಸಿಗ್ನಲ್ ಹೋದ್ರೆ ತುಂಬಿದ್ದೆಲ್ಲ ಅಳಿಸಿಹೋಗುತ್ತೆ ಸಾರ್, ಉಳಿಯೋ ಹಾಗೆ ಮಾಡಿ” ಅಂತ ಅವರು ಕೇಳಿದ್ರು. ನನ್ನ ತಲೇಲಿ ಆಗಲೇ ಸಿಂಕ್, ಸರ್ವರ್, ಎರಡು ಎಂಟ್ರಿ ಡಿಕ್ಕಿ ಹೊಡೆದರೆ ಯಾವುದು ಸರಿ ಅಂತ ಲೆಕ್ಕ ಶುರುವಾಗಿತ್ತು. “ಆಗಲ್ಲ” ಅಂದುಬಿಟ್ಟೆ. ಕೋಡಿಂಗ್ ಗಂಧವೇ ಇಲ್ಲದ ಸಹೋದ್ಯೋಗಿ ಒಬ್ಬರು ಅದನ್ನೇ ಹಾಳೇಲಿ ಬರೆದು ಡೆವಲಪರ್‌ಗೆ ತೋರಿಸಿದ್ರು. “ಸಿಂಕ್ ಯಾಕೆ? ಡ್ರಾಫ್ಟ್ ಫೋನಲ್ಲೇ ಇಟ್ಟರಾಯ್ತು, 2 ದಿನದ ಕೆಲಸ” ಅಂದ ಅವನು. ಅಷ್ಟೊತ್ತಿಗೆ 4 ತಿಂಗಳು ಕಳೆದಿತ್ತು. ಅಷ್ಟು ದಿನ ಆ ಹುಡುಗರು ಬಿಸಿಲಲ್ಲಿ ನಿಂತು ಒಂದೇ ಫಾರ್ಮನ್ನ ಮತ್ತೆ ಮತ್ತೆ ತುಂಬಿದ್ದು ನನ್ನಿಂದ.

ಹಾಗಾದ್ರೆ ಬೇಕಾ, ಬೇಡ್ವಾ? 1984ರ ಮ್ಯಾಕಿಂಟಾಶ್ ಐಕಾನ್‌ಗಳನ್ನು ಬಿಡಿಸಿದ ಸೂಸನ್ ಕೇರ್ ಕಲೆಯ ಹಿನ್ನೆಲೆಯವರು. 32ಕ್ಕೆ 32 ಚುಕ್ಕಿ, ಅಷ್ಟೇ ಜಾಗ ಅಂತ ತಿಳ್ಕೊಂಡು ಗ್ರಾಫ್ ಹಾಳೇಲಿ ಚೌಕ ತುಂಬ್ತಾ ಬಿಡಿಸಿದ್ರು. ವಿಶುಯಲ್ ಬೇಸಿಕ್‌ನ ಪಿತಾಮಹ ಅನ್ನಿಸಿಕೊಂಡ ಅಲನ್ ಕೂಪರ್ ಸ್ವತಃ ಪ್ರೋಗ್ರಾಮರ್. ಬಳಕೆದಾರರ ಅನುಭವವನ್ನು ಪ್ರೋಗ್ರಾಮರ್‌ಗಳ ಕೈಗೇ ಬಿಡಬೇಡಿ ಅಂತ ವಾದಿಸಿದವರೂ ಅವರೇ.

ನನ್ನ ಪ್ರಕಾರ ಕೋಡ್ ಬರೆಯೋದಕ್ಕಿಂತ, ಅದು ಎಲ್ಲಿ ಹಿಗ್ಗುತ್ತೆ, ಎಲ್ಲಿ ಮುರಿಯುತ್ತೆ ಅಂತ ಗೊತ್ತಿರೋದು ಮುಖ್ಯ. ಕಲೆಯಿಂದ ಬಂದವರು ಒಂದೆರಡು ತಿಂಗಳು ಎಚ್‌ಟಿಎಮ್‌ಎಲ್, ಸಿಎಸ್‌ಎಸ್ ಕಲೀರಿ, ಡೆವಲಪರ್ ಪಕ್ಕ ಕೂತು “ಇದ್ಯಾಕೆ ಕಷ್ಟ?” ಅಂತ ಕೇಳಿ. ನನ್ನ ಹಾಗೆ ಕೋಡಿಂದ ಬಂದವರು ಮೊದಲ ಕರಡು ಮುಗಿಯೋವರೆಗೂ “ಆಗಲ್ಲ” ಅನ್ನೋ ಮಾತನ್ನ ಬಾಯಿಗೇ ತರಬೇಡಿ.

ನಮ್ಮ ಹುಡುಗಿ ಎಚ್‌ಟಿಎಮ್‌ಎಲ್ ಶುರು ಮಾಡಿದಾಳೆ. ನಿನ್ನೆ ರಾತ್ರಿ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ್ಳು: “ಮಾಮ, ಒತ್ತು ಕಟ್ ಆಗ್ತಿದೆ, ನೋಡು!” ಬಟನ್ನಿನ ಎತ್ತರ ಅವಳೇ ಸರಿಮಾಡಿದ್ಳು.

ಮುಂದಿನ ವಾರ ಸಿಗೋಣ.