ಮನೆ ಮನೆಗೆ ಇಂಟರ್‌ನೆಟ್ ಎಳೆಯುವ ಹುಡುಗರ ಸುರಕ್ಷತೆ

ನಮ್ಮ ಮೊಹಲ್ಲಾಗಳ ಎಷ್ಟೋ ಹುಡುಗರು ಈಗ ಬ್ರಾಡ್‌ಬ್ಯಾಂಡ್ ಕೆಲಸದಲ್ಲಿದ್ದಾರೆ. ಐಟಿಐ ಮುಗಿಸಿದವರಿದ್ದಾರೆ, ಓದು ಅರ್ಧಕ್ಕೆ ಬಿಟ್ಟವರಿದ್ದಾರೆ, ಗಲ್ಫಿನಿಂದ ಮರಳಿ ಬಂದವರೂ ಇದ್ದಾರೆ. ಬೆನ್ನಿಗೊಂದು ಚೀಲ, ಜೊತೆಗೊಂದು ಏಣಿ, ದಿನಕ್ಕೆ ಐದಾರು ಮನೆ. ಫೈಬರ್ ಎಳೆಯಬೇಕು, ರೂಟರ್ ಕೂರಿಸಬೇಕು, ಕೆಟ್ಟ ಲೈನ್ ಸರಿಮಾಡಬೇಕು. ಇವರ ತಾಯಂದಿರು ನನ್ನ ದವಾಖಾನೆಗೆ ಬಂದಾಗ ಹೆಚ್ಚಾಗಿ ಕೇಳುವುದು ಒಂದೇ ಮಾತು: "ಡಾಕ್ಟ್ರೇ, ಇಡೀ ದಿನ ಆ ವೈಫೈ ಡಬ್ಬಿಗಳ ಜೊತೆಯಲ್ಲೇ ಇರ್ತಾನೆ. ಅದರ ರೇಡಿಯೇಶನ್‌ನಿಂದ ಏನಾದ್ರೂ ಆಗುತ್ತಾ?"

ಹೆದರಬೇಕಾದದ್ದು ಅದಕ್ಕಲ್ಲ. ಮನೆಯ ರೂಟರ್ ಹೊರಸೂಸುವ ಶಕ್ತಿ ಒಂದು ವ್ಯಾಟ್‌ಗಿಂತಲೂ ಬಹಳ ಕಡಿಮೆ. ಕಟ್ಟಡದ ಮೇಲಿನ ಮೊಬೈಲ್ ಟವರ್‌ನ ಆಂಟೆನಾ ವಿಷಯ ಬೇರೆ. ಅದು ಚಾಲೂ ಇರುವಾಗ ಅದರ ಎದುರಿಗೇ ನಿಂತು ಕೆಲಸ ಮಾಡಬಾರದು, ಬಂದ್ ಮಾಡಿಸಿಯೇ ಹತ್ತಿರ ಹೋಗಬೇಕು. ಆದರೆ ಮನೆಗಳಿಗೆ ಕೇಬಲ್ ಎಳೆಯುವ ಹುಡುಗನಿಗೆ ಅಪಾಯ ಬರುವುದು ಮೂರು ಕಡೆಯಿಂದ: ಏಣಿ, ಕರೆಂಟ್ ಮತ್ತು ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಚೂರು. ಈ ಮೂರಕ್ಕೂ ಮದ್ದು ದವಾಖಾನೆಯಲ್ಲಿಲ್ಲ, ಕೆಲಸ ಶುರು ಮಾಡುವ ಮುಂಚಿನ ಹತ್ತು ನಿಮಿಷದಲ್ಲಿದೆ.

ಮೊದಲು ಕರೆಂಟ್. ಫೈಬರ್ ಎಂದರೆ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ ಎಂಬ ಧೈರ್ಯ ಈ ಹುಡುಗರಲ್ಲಿದೆ. ಗಾಜಿನ ಮಟ್ಟಿಗೆ ಅದು ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಅನೇಕ ಕೇಬಲ್‌ಗಳಲ್ಲಿ ಭಾರ ತಡೆಯಲೆಂದು ಉಕ್ಕಿನ ತಂತಿ ಸೇರಿಸಿರುತ್ತಾರೆ. ಕೇಬಲ್ ಬೀಸಿ ಎಸೆಯುವಾಗ ಅದು ಮೇಲಿನ ವಿದ್ಯುತ್ ತಂತಿಗೆ ತಾಗಿದರೆ ಆ ಉಕ್ಕಿನ ಮೂಲಕ ಕರೆಂಟ್ ನೇರ ಕೈಗೆ ಬರುತ್ತದೆ. ಅಲ್ಯೂಮಿನಿಯಂ ಏಣಿಯೂ ಹಾಗೆಯೇ. ನಮ್ಮ ಬೀದಿಗಳಲ್ಲಿ ಹಾದುಹೋಗುವ 11 ಕೆ.ವಿ. ಲೈನನ್ನು ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಅದು ಗಾಳಿಯಲ್ಲೇ ಹಾರಿ ಹೊಡೆಯಬಲ್ಲದು. ಏಣಿ, ಕೇಬಲ್, ಕೈ ಯಾವುದೇ ಇರಲಿ, ಅಂಥ ಲೈನಿನಿಂದ ಕನಿಷ್ಠ 10 ಅಡಿ ದೂರ ಇರಬೇಕು. ಅಷ್ಟು ಜಾಗ ಸಿಗದಿದ್ದರೆ ಆ ಕಡೆಯಿಂದ ಕೇಬಲ್ ಎಳೆಯುವುದೇ ಬೇಡ. ವಿದ್ಯುತ್ ಕಂಬ ಹತ್ತುವುದು ಲೈನ್‌ಮ್ಯಾನ್ ಕೆಲಸ, ಅದೂ ಲೈನ್ ಬಂದ್ ಮಾಡಿಸಿದ ಮೇಲೆ. ತಂತಿ ಜೋತುಬಿದ್ದಿರುವುದು ಕಂಡರೆ 1912ಕ್ಕೆ ಫೋನ್ ಮಾಡಿ ತಿಳಿಸಬೇಕು.

ಮನೆಯೊಳಗಿನ 230 ವೋಲ್ಟ್ ಕೂಡ ಜೀವ ತೆಗೆಯಲು ಸಾಕು. ಬೆವರಿದ ಕೈಯಲ್ಲಿ ಅದು ಇನ್ನೂ ಸಲೀಸಾಗಿ ಹರಿಯುತ್ತದೆ. ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಬೇಕೆಂದರೂ ಬಿಡಲಾಗುವುದಿಲ್ಲ. ಗೋಡೆಗೆ ಡ್ರಿಲ್ ಹಾಕುವ ಮುನ್ನ ಸ್ವಿಚ್ ಬೋರ್ಡ್ ಎಲ್ಲಿದೆ ಎಂದು ನೋಡಬೇಕು. ಗೋಡೆಯೊಳಗಿನ ವೈರ್ ಸಾಮಾನ್ಯವಾಗಿ ಬೋರ್ಡಿನ ನೇರ ಮೇಲೆ, ಕೆಳಗೆ ಅಥವಾ ಪಕ್ಕಕ್ಕೆ ಹೋಗಿರುತ್ತದೆ. ಆ ಗೆರೆಗಳ ಮೇಲೆ ತೂತು ಕೊರೆಯಬಾರದು. ಉಂಗುರ, ಲೋಹದ ಪಟ್ಟಿಯ ವಾಚು ತೆಗೆದು ಚೀಲದಲ್ಲಿಡಬೇಕು. ಇನ್ನೊಂದು ಮಾತನ್ನು ಹಳಬರೂ ಮರೆಯುತ್ತಾರೆ: "ಕರೆಂಟ್ ಹೋಗಿದೆ, ಈಗ ಮಾಡ್ಬಿಡೋಣ" ಎಂದು ವೈರ್ ಮುಟ್ಟುತ್ತಾರೆ, ಮನೆಯಲ್ಲಿ ಇನ್ವರ್ಟರ್ ಚಾಲೂ ಇರುತ್ತದೆ. ಮೈನ್ ಆಫ್ ಮಾಡಿದ್ದರೂ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಎರಡನ್ನೂ ಆಫ್ ಮಾಡಿಸಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ಕೈಯಿಡಬೇಕು. ಆ ಟೆಸ್ಟರ್ ಸರಿಯಿದೆಯೇ ಎಂದು ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ನೋಡಿಕೊಂಡಿರಬೇಕು.

ಏಣಿಯ ಲೆಕ್ಕ ಸುಲಭ. 4 ಅಡಿ ಎತ್ತರಕ್ಕೆ 1 ಅಡಿಯಂತೆ ಬುಡವನ್ನು ಗೋಡೆಯಿಂದ ಹೊರಗಿಡಬೇಕು. 12 ಅಡಿ ಎತ್ತರಕ್ಕೆ ಒರಗಿಸಿದರೆ ಬುಡ 3 ಅಡಿ ಹೊರಗಿರಬೇಕು. ತಾರಸಿಗೆ ಹತ್ತುವುದಾದರೆ ಏಣಿ ತಾರಸಿಯ ಅಂಚಿಗಿಂತ 3 ಅಡಿ ಮೇಲೆ ಚಾಚಿರಬೇಕು. ಹವಾಯಿ ಚಪ್ಪಲಿ ಬೇಡ, ರಬ್ಬರ್ ತಳದ ಶೂ ಬೇಕು. ಬುಡ ಹಿಡಿಯಲು ಒಬ್ಬರಿರಬೇಕು. ಕಂಪೆನಿ ಒಬ್ಬನನ್ನೇ ಕಳಿಸಿದ್ದರೆ ಆ ಮನೆಯವರನ್ನೇ ಕೇಳಿಕೊಳ್ಳಲಿ, ಅದರಲ್ಲಿ ಸಂಕೋಚವೇನು? ಹಳೇ ಆಸ್ಬೆಸ್ಟಾಸ್ ಶೀಟಿನ ಮೇಲೆ ಕಾಲಿಡಲೇಬಾರದು. ಅದು ಗಟ್ಟಿಯಾಗಿ ಕಂಡರೂ ಒಮ್ಮೆಲೇ ಒಡೆದು ಮನುಷ್ಯನನ್ನು ನೇರ ನೆಲಕ್ಕೆ ಬೀಳಿಸುತ್ತದೆ. ಆ ಶೀಟನ್ನು ಕೊರೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು. ಬೇರೆ ದಾರಿ ಹುಡುಕಲಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಹಂಚಿನ ಮಾಡೂ ಹಾಗೆಯೇ. ಎಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದ ಕೂಡಲೇ ತಾರಸಿಯಿಂದ ಇಳಿಯಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು.

ಕಾಣದ ಗಾಜು

ಫೈಬರಿನ ಗಾಜಿನ ಎಳೆ 125 ಮೈಕ್ರಾನ್ ದಪ್ಪ, ಅಂದರೆ ಒಂದು ಮಿಲಿಮೀಟರ್‌ನ ಎಂಟನೇ ಒಂದು ಭಾಗ. ಕತ್ತರಿಸುವಾಗ ಹಾರುವ ತುಂಡು ಪಾರದರ್ಶಕ, ಸೂಜಿಯಂತೆ ಚೂಪು. ಬೆರಳಿಗೆ ಚುಚ್ಚಿದರೆ ಒಳಗೇ ಮುರಿದು ಉಳಿಯುತ್ತದೆ. ಎಕ್ಸ್‌ರೇಯಲ್ಲಿ ಇಷ್ಟು ಸಣ್ಣ ಗಾಜು ಕಾಣುವುದು ಕಷ್ಟ. ಬೆರಳು ವಾರಗಟ್ಟಲೆ ನೋಯುತ್ತಿದೆ, ಮುಲಾಮು ಹಚ್ಚಿ ಸಾಕಾಯಿತು ಎಂದು ಬರುವ ಹುಡುಗರ ಕೆಲಸ ಏನೆಂದು ಕೇಳಿದಾಗಲೇ ನನಗೆ ಕಾರಣ ಹೊಳೆಯುವುದು. ಕತ್ತರಿಸಿದ ಪ್ರತಿ ತುಂಡನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಬೇಕು. ಕೆಳಗೆ ಕಪ್ಪು ಬಟ್ಟೆ ಹಾಸಿಕೊಂಡರೆ ಬಿದ್ದದ್ದು ಕಾಣುತ್ತದೆ. ಕಣ್ಣಿಗೆ ಕನ್ನಡಕ ಬೇಕು. ಕೆಲಸ ಮುಗಿಸಿ ಕೈ ತೊಳೆಯುವವರೆಗೆ ಕಣ್ಣು ಉಜ್ಜಬಾರದು, ಚಹಾದ ಜೊತೆ ಕೊಟ್ಟ ಬಿಸ್ಕತ್ತನ್ನೂ ಮುಟ್ಟಬಾರದು. ಅದೇ ಬಟ್ಟೆಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುವುದೂ ಬೇಡ. ಬಟ್ಟೆ ಕೊಡವಿ ಬೇರೆಯಾಗಿ ಒಗೆಯಿರಿ.

ಫೈಬರಿನೊಳಗಿನ ಬೆಳಕು ಕಣ್ಣಿಗೆ ಕಾಣುವ ಬೆಳಕಲ್ಲ. ಕಾಣದ್ದರಿಂದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದೂ ಇಲ್ಲ. ಆದ್ದರಿಂದ ಲೈನ್ ಬಂದಿದೆಯೇ ಎಂದು ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು, ಭೂತಗನ್ನಡಿಯಲ್ಲಂತೂ ಬೇಡವೇ ಬೇಡ. ಅದಕ್ಕೆ ಪವರ್ ಮೀಟರ್ ಇದೆ. ತುದಿ ಒರೆಸುವ ಆಲ್ಕೋಹಾಲ್ ಬೇಗ ಹತ್ತಿ ಉರಿಯುತ್ತದೆ. ಅದರ ಬಾಟಲಿಯನ್ನು ಕಿಡಿ ಹಾರುವ ಸ್ಪ್ಲೈಸಿಂಗ್ ಮೆಷಿನ್ನಿನಿಂದ ದೂರವಿಡಬೇಕು.

ಮೈಯ ತಯಾರಿ

ಯುನಾನಿ ವೈದ್ಯದಲ್ಲಿ ಆರೋಗ್ಯ ನಿಂತಿರುವುದು ಆರು ಅಗತ್ಯಗಳ ಮೇಲೆ, ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ: ಗಾಳಿ, ಅನ್ನ ನೀರು, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಉದ್ವೇಗ ಮತ್ತು ಶಾಂತಿ, ನಿದ್ದೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದದ್ದು ಮತ್ತು ಉಳಿಯಬೇಕಾದದ್ದು. ಈ ಕೆಲಸದಲ್ಲಿ ಆರೂ ಏರುಪೇರಾಗುತ್ತವೆ. ಕೊನೆಯದರ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ. ಪರರ ಮನೆಯಲ್ಲಿ ಶೌಚಾಲಯ ಕೇಳಲು ನಾಚಿಕೆ, ಅದಕ್ಕೇ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಿಸಿಲಿನಲ್ಲಿ ಬೆವರು, ಒಳಗೆ ನೀರಿಲ್ಲ, ಮೂತ್ರ ಕಟ್ಟಿಕೊಂಡಿರುವುದು. ಮೂತ್ರಕೋಶದ ಸೋಂಕು, ಕಿಡ್ನಿ ಕಲ್ಲು ಹೀಗೂ ಆಗುತ್ತವೆ. ದಾರಿಯ ಮಸೀದಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ನಿಲ್ಲಲಿ, ಎರಡು ಲೀಟರ್ ನೀರಿನ ಬಾಟಲಿ ಚೀಲದಲ್ಲಿರಲಿ. ತಾಯಂದಿರೇ, ಸಂಜೆ ಆ ಬಾಟಲಿ ತುಂಬಿಕೊಂಡೇ ವಾಪಸು ಬಂದರೆ ಮಗನನ್ನು ಕೇಳಿ.

ರಮಝಾನ್‌ನಲ್ಲಿ ತಾರಸಿ ಮತ್ತು ಏಣಿಯ ಕೆಲಸಗಳನ್ನು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನದ ನಂತರ ಮನೆಯೊಳಗಿನ ಕೆಲಸ ಇಟ್ಟುಕೊಳ್ಳುವಂತೆ ಮೇಲಿನವರಲ್ಲಿ ಹೇಳಿಕೊಳ್ಳಬಹುದು. ಸಹರಿ ಬಿಟ್ಟು ಬರಬಾರದು. ಇಫ್ತಾರಿಗೆ ಮನೆ ಸೇರುವ ಅವಸರದಲ್ಲಿ ಕೊನೆಯ ಕಂಬ ಹತ್ತುವ ಹೊತ್ತೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಇಳಿದು ನೆರಳಿಗೆ ಹೋಗಬೇಕು. ಜೀವಕ್ಕೇ ಅಪಾಯವೆಂದಾದರೆ ಉಪವಾಸ ಬಿಟ್ಟು ಬೇರೆ ದಿನ ಪೂರ್ತಿಗೊಳಿಸುವ ರಿಯಾಯಿತಿ ನಮಗಿದೆ. ನೀರು ಕುಡಿಯುವುದಾದರೆ ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಕುಡಿಸಿ. ಚಮಚ ಚಹಾದ್ದು, ತಲೆ ತಟ್ಟಿದ್ದು.

ಕೆಲಸ ಮಾಡಿಸಿಕೊಳ್ಳುವ ಮನೆಯವರಿಗೂ ಪಾಲಿದೆ. ಹುಡುಗ ಬರುವ ಹೊತ್ತಿಗೆ ಮನೆಯಲ್ಲಿ ಗಂಡಸರೊಬ್ಬರು ಇರುವಂತೆ ಸಮಯ ಕೊಡಿ. ಇದು ನಿಮಗೂ ನೆಮ್ಮದಿ, ಅವನಿಗೂ ಏಣಿ ಹಿಡಿಯುವ ಕೈ. ಗುರುತಿನ ಚೀಟಿ ನೋಡಿ. ಇನ್ವರ್ಟರ್ ಎಲ್ಲಿದೆ, ಗೋಡೆಯಲ್ಲಿ ನೀರಿನ ಪೈಪ್ ಎಲ್ಲಿ ಹೋಗಿದೆ, ಯಾವ ಶೀಟು ಹಳೆಯದು ಎಂದು ಕೇಳುವ ಮೊದಲೇ ಹೇಳಿ. ಮಕ್ಕಳನ್ನು ಬೇರೆ ಕೋಣೆಯಲ್ಲಿಡಿ. "ಬೇಗ ಮುಗಿಸಪ್ಪಾ" ಎಂದು ಬೆನ್ನು ಹತ್ತಬೇಡಿ. ಅವನು ಹೋದ ಮೇಲೆ ಆ ಜಾಗವನ್ನು ಬರಿಗೈಯಲ್ಲಿ ಸವರದೆ, ಅಗಲದ ಅಂಟು ಟೇಪನ್ನು ನೆಲಕ್ಕೆ ಒತ್ತಿ ಎತ್ತಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡಿ. ತೆವಳುವ ಮಗುವಿರುವ ಮನೆಯಲ್ಲಿ ಇದನ್ನು ತಪ್ಪಿಸಬೇಡಿ.

ಅಪಘಾತವಾದರೆ

ಶಾಕ್ ಹೊಡೆದವನನ್ನು ಮುಟ್ಟಬೇಡಿ. ಮೊದಲು ಮೈನ್ ಆಫ್. ಆಗದಿದ್ದರೆ ಒಣ ಮರದ ಕೋಲಿನಿಂದ ವೈರನ್ನು ಬೇರೆ ಮಾಡಿ. ಇದು ಮನೆಯ ಕರೆಂಟಿಗೆ ಮಾತ್ರ. ಬೀದಿಯ ದೊಡ್ಡ ಲೈನಾದರೆ ಕೋಲು ಹಿಡಿದೂ ಹತ್ತಿರ ಹೋಗಬಾರದು, 1912 ಮತ್ತು 112ಕ್ಕೆ ಫೋನ್ ಮಾಡಿ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಒಳಗೆ ಹೋಗುವಂತೆ ಒತ್ತುತ್ತಲೇ ಇರಿ, ಇನ್ನೊಬ್ಬರು 108ಕ್ಕೆ ಕರೆಯಲಿ. ಎತ್ತರದಿಂದ ಬಿದ್ದವನನ್ನು ಎತ್ತಿ ಕೂರಿಸಬೇಡಿ, ಆಟೋದಲ್ಲಿ ಮಡಚಿ ಕರೆದೊಯ್ಯಬೇಡಿ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಆ ಎತ್ತಾಟದಲ್ಲೇ ಕಾಲು ಹೋಗಬಹುದು. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು ಸಾಕು. ಪೇಸ್ಟು, ಇಂಕು, ತುಪ್ಪ, ನಮ್ಮ ಯುನಾನಿ ಮರ್ಹಮ್ ಕೂಡ ಆಗ ಬೇಡ. ಕಣ್ಣಿಗೆ ಚೂರು ಬಿದ್ದರೆ ಉಜ್ಜದೆ ಶುದ್ಧ ನೀರು ಬಿಟ್ಟು, ನೇರ ಕಣ್ಣಿನ ಆಸ್ಪತ್ರೆಗೆ. ಗಾಯಕ್ಕೆ ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತೆಂದು ವೈದ್ಯರಿಗೆ ತಿಳಿಸಿ.

ಶಾಕ್ ಹೊಡೆದವನು ಎದ್ದು ಕೂತು "ಏನಾಗಿಲ್ಲ ಉಮ್ಮಾ" ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಹೊರಗೆ ಕಾಳಿನಷ್ಟು ಕಲೆ ಇದ್ದು, ಒಳಗೆ ಸ್ನಾಯು ಬೆಂದಿರಬಹುದು. ಹೃದಯದ ಬಡಿತ ತಪ್ಪಿರಬಹುದು. ಇಸಿಜಿ ಮಾಡಿಸಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನು ವೈದ್ಯರಿಗೆ ಮೊದಲು ಹೇಳಿ.