ಉಪ್ಪುನೀರಿನ ತೋಟದಲ್ಲಿ ಡ್ರಿಪ್ಪರಿನ ಕೆಲಸ

ಮೃತ ಸಮುದ್ರದ ದಕ್ಷಿಣ ತುದಿಯಿಂದ ಕೆಂಪು ಸಮುದ್ರದವರೆಗೆ ಚಾಚಿಕೊಂಡಿರುವ ಅರಾವಾ ಕಣಿವೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 25ರಿಂದ 50 ಮಿಲಿಮೀಟರ್. ತೆರೆದ ತೊಟ್ಟಿಯಲ್ಲಿ ನೀರಿಟ್ಟರೆ ಅದೇ ಬಿಸಿಲು ವರ್ಷದಲ್ಲಿ 3000 ಮಿಲಿಮೀಟರಿಗೂ ಹೆಚ್ಚು ನೀರನ್ನು ಕುಡಿದುಬಿಡುತ್ತದೆ. ನೆಲದಡಿಯಿಂದ ಎತ್ತುವ ನೀರೂ ಸಿಹಿಯಲ್ಲ, ಅದರಲ್ಲಿ ಉಪ್ಪಿದೆ. ಇಂಥ ಕಡೆ ಖರ್ಜೂರ, ದೊಣ್ಣೆಮೆಣಸು, ಟೊಮೆಟೊ, ಕರಬೂಜ ಬೆಳೆದು ಯುರೋಪಿನ ಮಾರುಕಟ್ಟೆಗೆ ಕಳಿಸುತ್ತಾರೆ. ಹೇಗೆ ಎಂದು ಕೇಳಿದರೆ ಸಿದ್ಧ ಉತ್ತರ ಒಂದಿದೆ: ಹನಿ ನೀರಾವರಿ ನೀರನ್ನು ಉಳಿಸುತ್ತದೆ. ಈ ಉತ್ತರ ಅರ್ಧ ಮಾತ್ರ ಸರಿ. ಮರುಭೂಮಿಯಲ್ಲಿ ಡ್ರಿಪ್ಪರ್, ಅಂದರೆ ಪೈಪಿನ ನೀರನ್ನು ಹನಿಹನಿಯಾಗಿ ಬಿಡುವ ಸಾಧನ, ಮಾಡುವ ದೊಡ್ಡ ಕೆಲಸ ಬೇರಿನ ಸುತ್ತ ಮಣ್ಣಿನ ಹದವನ್ನು ಏರಿಳಿಯಲು ಬಿಡದೆ, ಉಪ್ಪನ್ನು ಬೇರಿನಿಂದ ದೂರ ಇಡುವುದು. ನೀರಿನ ಉಳಿತಾಯ ಆಮೇಲಿನ ಮಾತು, ಅದು ಆಗಿಯೇ ಆಗುತ್ತದೆಂಬ ಖಾತ್ರಿಯೂ ಇಲ್ಲ. ಇದನ್ನು ಒಪ್ಪಬೇಕಾದರೆ ಮೊದಲು ಆ ಪುಟ್ಟ ಯಂತ್ರದ ಒಳಗೆ ಏನಿದೆ ಎಂದು ನೋಡಬೇಕು.

ಪೈಪಿಗೆ ಸೂಜಿಯಿಂದ ಚುಚ್ಚಿದರೂ ನೀರು ತೊಟ್ಟಿಕ್ಕುತ್ತದಲ್ಲ, ಅದರಲ್ಲಿ ಯಂತ್ರವೇನು ಬಂತು ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ. ಪೈಪಿನೊಳಗೆ ಒಂದು ಬಾರ್ ಒತ್ತಡವಿದ್ದರೆ ತೂತಿನಿಂದ ನೀರು ಸೆಕೆಂಡಿಗೆ ಸುಮಾರು 14 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಗಂಟೆಗೆ ಎರಡೇ ಲೀಟರ್ ಬೀಳಬೇಕೆಂದರೆ ಆ ತೂತು 0.3 ಮಿಲಿಮೀಟರಿನಷ್ಟು ಕಿರಿದಾಗಿರಬೇಕು. ಮರಳಿನ ಒಂದು ಕಣ ಸಾಕು, ತೂತು ಕಟ್ಟಿಕೊಳ್ಳುತ್ತದೆ. ನೀರಾವರಿ ಎಂಜಿನಿಯರ್ ಸಿಮ್ಖಾ ಬ್ಲಾಸ್ ಹಿಡಿದ ದಾರಿ ಬೇರೆ. 1930ರ ದಶಕದಲ್ಲಿ, ಯಾರೂ ನೀರೆರೆಯದಿದ್ದರೂ ಸೊಂಪಾಗಿ ಬೆಳೆದಿದ್ದ ಮರವೊಂದರ ಬುಡದಲ್ಲಿ ಸೋರುವ ಪೈಪಿನ ಜೋಡಣೆಯನ್ನೂ ಅದರ ಕೆಳಗೆ ಈರುಳ್ಳಿಯಾಕಾರದಲ್ಲಿ ತೇವಗೊಂಡ ಮಣ್ಣನ್ನೂ ಅವರು ಕಂಡರೆಂಬುದು ಪ್ರಸಿದ್ಧ ಕತೆ. ಅಗ್ಗದ ಪ್ಲಾಸ್ಟಿಕ್ ಬಂದ ಮೇಲೆ, ಮಗ ಯೆಶಾಯಾಹು ಜೊತೆಗೂಡಿ, ನೀರನ್ನು ಕಿರಿದಾದ ತೂತಿನ ಬದಲು ಅಗಲವಾದ ಆದರೆ ಉದ್ದನೆಯ ಸುರುಳಿದಾರಿಯಲ್ಲಿ ಓಡಿಸಿ ಸುಸ್ತು ಮಾಡುವ ಉಪಾಯವನ್ನು ರೂಪಿಸಿದರು. 1965ರಲ್ಲಿ ನೆಗೆವ್ ಮರುಭೂಮಿಯ ಅಂಚಿನ ಹಟ್ಜೆರಿಮ್ ಎಂಬ ಕಿಬ್ಬುಟ್ಸ್, ಅಂದರೆ ಇಸ್ರೇಲಿನ ಸಮುದಾಯ ಕೃಷಿಗ್ರಾಮ, ಇದನ್ನು ತಯಾರಿಸಲು ನೆಟಾಫಿಮ್ ಕಂಪನಿ ಕಟ್ಟಿತು.

ಸುರುಳಿದಾರಿಯಲ್ಲೂ ಒಂದು ತೊಡಕಿತ್ತು, ಅದು ಬಿಸಿನಾಡಿನ ತೊಡಕೇ. ಕಿರಿದಾದ ನಯವಾದ ಕೊಳವೆಯಲ್ಲಿ ನೀರು ಪದರಪದರವಾಗಿ ಶಾಂತವಾಗಿ ಹರಿಯುತ್ತದೆ. ಆಗ ಹರಿವನ್ನು ತಡೆಯುವುದು ನೀರಿನ ಸ್ನಿಗ್ಧತೆ, ಅಂದರೆ ಹರಿಯಲು ಅದು ತನ್ನೊಳಗೇ ಒಡ್ಡುವ ಪ್ರತಿರೋಧ. 20 ಡಿಗ್ರಿಯಿಂದ 50 ಡಿಗ್ರಿಗೆ ಕಾದ ನೀರಿನಲ್ಲಿ ಈ ಸ್ನಿಗ್ಧತೆ ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. ಮರುಭೂಮಿಯ ಬಿಸಿಲಲ್ಲಿ ಬಿದ್ದಿರುವ ಕಪ್ಪು ಪೈಪಿನಲ್ಲಿ ಅಷ್ಟು ಬಿಸಿಯೇರುವುದು ಕಷ್ಟವೇನಲ್ಲ. ಮುಂಜಾನೆ ಒಂದು ಲೀಟರ್ ಕೊಡುವ ಕೊಳವೆ ಮಧ್ಯಾಹ್ನ ಎರಡು ಲೀಟರಿನ ಸಮೀಪ ಕೊಟ್ಟರೆ ಹದ ಉಳಿಯುವುದೆಲ್ಲಿ? ಇಂದಿನ ಡ್ರಿಪ್ಪರಿನೊಳಗೆ ಅದಕ್ಕೇ ನಯವಾದ ದಾರಿಯಿಲ್ಲ. ಗರಗಸದ ಹಲ್ಲಿನಂಥ ಅಂಕುಡೊಂಕು ಓಣಿಯಿದೆ. ಪ್ರತಿ ತಿರುವಿನಲ್ಲೂ ನೀರು ಗೋಡೆಗೆ ಬಡಿದು, ಸುಳಿಯಾಗಿ, ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸುಳಿಯ ಹರಿವಿನಲ್ಲಿ ಸ್ನಿಗ್ಧತೆಯ ಪಾತ್ರ ಅತ್ಯಲ್ಪ, ಹಾಗಾಗಿ ಬಿಸಿಲಿನ ಪ್ರಭಾವವೂ ಅಲ್ಪ. ಒತ್ತಡ ಶೇಕಡಾ 20 ಏರಿದರೂ ಹರಿವು ಸುಮಾರು ಶೇಕಡಾ 10 ಮಾತ್ರ ಏರುತ್ತದೆ. ಸುಳಿಗಳು ಓಣಿಯನ್ನು ತಕ್ಕಮಟ್ಟಿಗೆ ತೊಳೆಯುತ್ತಲೂ ಇರುತ್ತವೆ. ಏರುತಗ್ಗಿನ ಜಮೀನಿಗೆಂದು ಇನ್ನೊಂದು ಬಗೆಯ ಡ್ರಿಪ್ಪರಿದೆ. ಅದರಲ್ಲಿನ ರಬ್ಬರ್ ಪೊರೆ ಒತ್ತಡ ಹೆಚ್ಚಿದಾಗ ಬಾಗಿ ದಾರಿಯನ್ನು ಕಿರಿದುಮಾಡುತ್ತದೆ. ಚಲಿಸುವ ಭಾಗ ಇಲ್ಲದೆ, ಅಥವಾ ಈ ಒಂದು ಪೊರೆಯಿಂದಲೇ, ಇಷ್ಟು ಸ್ಥಿರತೆ ಸಾಧಿಸಿರುವುದು ನನಗೆ ಎಂಜಿನಿಯರಿಂಗಿನ ದೊಡ್ಡ ಸೊಗಸುಗಳಲ್ಲಿ ಒಂದಾಗಿ ಕಾಣುತ್ತದೆ.

ಈ ಸ್ಥಿರತೆ ಯಾಕೆ ಬೇಕು ಎಂಬುದು ಮಣ್ಣಿಗಿಳಿದರೆ ತಿಳಿಯುತ್ತದೆ. ವಾರಕ್ಕೊಮ್ಮೆ ನೀರು ಹಾಯಿಸಿದರೆ ಮೊದಲ ದಿನ ಬೇರಿಗೆ ಉಸಿರು ಕಟ್ಟುತ್ತದೆ, ಕೊನೆಯ ದಿನ ಬಾಯಾರುತ್ತದೆ. ಸಿಹಿನೀರಿದ್ದರೆ ಗಿಡ ಇದನ್ನು ತಾಳಿಕೊಂಡೀತು. ಉಪ್ಪುನೀರಿನಲ್ಲಿ ಲೆಕ್ಕ ಬೇರೆ: ಮಣ್ಣಿನಲ್ಲಿರುವ ನೀರು ಅರ್ಧದಷ್ಟು ಒಣಗಿದರೆ ಉಳಿದ ನೀರಿನಲ್ಲಿ ಉಪ್ಪಿನ ಸಾಂದ್ರತೆ ಎರಡು ಪಟ್ಟಾಗುತ್ತದೆ. ಒಣಗುತ್ತಿರುವ ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಉಪ್ಪೂ ಹಿಡಿದುಕೊಳ್ಳುತ್ತದೆ. ಇವೆರಡರ ವಿರುದ್ಧವೂ ಬೇರು ಎಳೆಯಬೇಕು. ದಿನಕ್ಕೆ ಒಂದೆರಡು ಬಾರಿ ಹನಿಸಿದರೆ ಮಣ್ಣು ಒಣಗುವುದೇ ಇಲ್ಲ, ಉಪ್ಪು ತೆಳುವಾಗಿಯೇ ಉಳಿಯುತ್ತದೆ. ಹೊರಕ್ಕೆ ಹರಡುವ ನೀರು ಉಪ್ಪನ್ನೂ ತಳ್ಳಿಕೊಂಡು ಹೋಗಿ ತೇವದ ಅಂಚಿನಲ್ಲಿ ಬಿಡುತ್ತದೆ. ಎಲೆಯ ಮೇಲೆ ಉಪ್ಪುನೀರು ಬೀಳುವುದಿಲ್ಲವಾದ್ದರಿಂದ, ಸ್ಪ್ರಿಂಕ್ಲರಿನಲ್ಲಿ ಆಗುವಂತೆ ಎಲೆ ಸುಡುವುದೂ ಇಲ್ಲ. 1960ರ ದಶಕದಲ್ಲಿ ಹೀಬ್ರೂ ವಿಶ್ವವಿದ್ಯಾಲಯದ ಡಾನ್ ಗೋಲ್ಡ್‌ಬರ್ಗ್ ಮತ್ತವರ ಸಂಗಡಿಗರು ಅರಾವಾದ ಉಪ್ಪುನೀರು, ಉಪ್ಪುಮಣ್ಣಿನಲ್ಲೇ ಪ್ರಯೋಗ ನಡೆಸಿ, ಬೇರೆ ವಿಧಾನಗಳು ಸೋತ ಕಡೆ ಡ್ರಿಪ್ಪಿನಲ್ಲಿ ಒಳ್ಳೆಯ ಇಳುವರಿ ಬರುವುದನ್ನು ತೋರಿಸಿದರು. ಇನ್ನೊಂದು ಸಾಕ್ಷ್ಯ ರೈತರ ನಡವಳಿಕೆಯಲ್ಲೇ ಇದೆ. ಬಿಸಿ ಒಣನಾಡುಗಳಲ್ಲಿ ಅಪರೂಪಕ್ಕೆ ಒಂದು ಹಗುರ ಮಳೆ ಬಂದರೆ ತಿಳಿದವರು ಡ್ರಿಪ್ ನಿಲ್ಲಿಸುವುದಿಲ್ಲ, ಚಾಲೂ ಮಾಡುತ್ತಾರೆ. ಇಲ್ಲವಾದರೆ ಅಂಚಿನಲ್ಲಿ ಕೂತಿದ್ದ ಉಪ್ಪನ್ನು ಆ ಮಳೆ ತೊಳೆದು ಬೇರಿಗೇ ಇಳಿಸುತ್ತದೆ. ನೀರುಳಿತಾಯವೇ ಗುರಿಯಾಗಿದ್ದರೆ ಮಳೆಯಲ್ಲಿ ನೀರು ಬಿಡುವುದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಇದೇ ಕೆಲಸವನ್ನು ನೆಲದಲ್ಲಿ ಹೂತಿಟ್ಟ ಮಡಕೆ ಎರಡು ಸಾವಿರ ವರ್ಷಗಳಿಂದ ಮಾಡುತ್ತಿದೆಯಲ್ಲ ಎಂಬ ಆಕ್ಷೇಪ ತೂಕದ್ದು. ಕ್ರಿಸ್ತಪೂರ್ವ 1ನೇ ಶತಮಾನದ ಚೀನಾದ ಕೃಷಿತಜ್ಞ ಫಾನ್ ಶೆಂಗ್‌ಝಿ ಈ ವಿಧಾನವನ್ನು ವಿವರಿಸಿದ್ದಾನೆ. ಒಂದು ವಿಷಯದಲ್ಲಿ ಮಡಕೆ ಡ್ರಿಪ್ಪರಿಗಿಂತ ಜಾಣ. ಸುತ್ತಲಿನ ಮಣ್ಣು ಒಣಗಿ ಎಳೆದಷ್ಟೇ ನೀರು ಅದರ ಗೋಡೆಯಿಂದ ಜಿನುಗುತ್ತದೆ. ಡ್ರಿಪ್ಪರಿಗೆ ಮಣ್ಣಿನ ಸ್ಥಿತಿ ಗೊತ್ತಾಗುವುದಿಲ್ಲ, ವಾಲ್ವ್ ತೆರೆದಷ್ಟು ಹೊತ್ತು ಸುರಿಸುತ್ತಲೇ ಇರುತ್ತದೆ. ಮರುಭೂಮಿಯ ಮನೆಯಂಗಳದಲ್ಲಿ ಹತ್ತಾರು ಗಿಡ ಸಾಕುವವರಿಗೆ ಮಡಕೆಯನ್ನೇ ಹೇಳುತ್ತೇನೆ. ಆದರೆ ಗಡಸು ನೀರಿನ ಲವಣ ಅದರ ಸೂಕ್ಷ್ಮ ರಂಧ್ರಗಳನ್ನು ಕಾಲಕ್ರಮೇಣ ಮುಚ್ಚುತ್ತದೆ, ಸಾವಿರಾರು ಮಡಕೆ ತುಂಬಿಸುವ ಕೆಲಸಕ್ಕೆ ಕೈಗಳೂ ಸಾಲುವುದಿಲ್ಲ.

ಇನ್ನು ಉಳಿತಾಯದ ಮಾತು. ಡ್ರಿಪ್ ಕಡಿಮೆ ಮಾಡುವುದು ಬರಿನೆಲದಿಂದ ಆರುವ ನೀರನ್ನು, ಹರಿದುಹೋಗುವ ನೀರನ್ನು, ಬೇರಿಗೆ ಸಿಗದೆ ಆಳಕ್ಕಿಳಿಯುವ ನೀರನ್ನು. ಎಲೆಯಿಂದ ಆವಿಯಾಗುವ ನೀರನ್ನು ಅದು ಕಡಿಮೆ ಮಾಡದು. ಗಿಡ ಚೆನ್ನಾಗಿ ಬೆಳೆದರೆ ಅದು ಹೆಚ್ಚೇ ಆಗುತ್ತದೆ. ಆಳಕ್ಕಿಳಿದ ನೀರು ಎಲ್ಲ ಕಡೆಯೂ ನಷ್ಟವಲ್ಲ, ಅನೇಕ ಕಡೆ ಅದು ನೆರೆಯವರ ಬಾವಿ ಸೇರುತ್ತದೆ. ಅಮೆರಿಕದ ರಿಯೊ ಗ್ರಾಂಡೆ ನದಿಯ ಜಲಾನಯನ ಪ್ರದೇಶದ ಬಗ್ಗೆ ವಾರ್ಡ್ ಮತ್ತು ಪುಲಿಡೊ-ವೆಲಾಸ್ಕೆಸ್ 2008ರಲ್ಲಿ ಪ್ರಕಟಿಸಿದ ಅಧ್ಯಯನದ ತೀರ್ಮಾನವೂ ಇದೇ ದಿಕ್ಕಿನದು: ಡ್ರಿಪ್ಪಿಗೆ ಸಹಾಯಧನ ಕೊಟ್ಟರೆ ಇಡೀ ಜಲಾನಯನದ ನೀರಿನ ಬಳಕೆ ಇಳಿಯುವ ಬದಲು ಏರಬಹುದು. ನಮ್ಮ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಹನಿ ನೀರಾವರಿ ವ್ಯಾಪಕವಾಗಿದೆ, ಆದರೂ ಅಂತರ್ಜಲದ ಅತಿಬಳಕೆಯಾಗುವ ಜಿಲ್ಲೆಗಳಲ್ಲಿ ಅವೇ ಮುಂದಿವೆ. ತಪ್ಪು ಡ್ರಿಪ್ಪರಿನದಲ್ಲ. ಉಳಿದ ನೀರಿನಲ್ಲಿ ಇನ್ನೊಂದು ಎಕರೆ ಬೆಳೆಯುವ ರೈತರದು ಎನ್ನುವುದೂ ಅನ್ಯಾಯ. ಬಾವಿಯಿಂದ ಎತ್ತಿದ ನೀರನ್ನು ಅಳೆಯದೆ, ಹಾಸಿದ ಪೈಪನ್ನು ಮಾತ್ರ ಎಣಿಸುವ ಪದ್ಧತಿಯನ್ನು ಪ್ರಶ್ನಿಸಬೇಕು.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು: ಡ್ರಿಪ್ ಉಪ್ಪನ್ನು ಪಕ್ಕಕ್ಕೆ ಸರಿಸುತ್ತದೆಯೇ ಹೊರತು ತೆಗೆಯುವುದಿಲ್ಲ. ನಿಜ. ಲೀಟರಿಗೆ ಒಂದು ಗ್ರಾಂ ಉಪ್ಪಿರುವ ನೀರನ್ನು ವರ್ಷಕ್ಕೆ 1000 ಮಿಲಿಮೀಟರಿನಷ್ಟು ಕೊಟ್ಟರೆ ಒಂದು ಹೆಕ್ಟೇರಿಗೆ ಹತ್ತು ಟನ್ ಉಪ್ಪು ಸೇರುತ್ತದೆ, ಗಿಡ ಅದರಲ್ಲಿ ಹೀರುವುದು ತೀರ ಸ್ವಲ್ಪ. ಅದನ್ನು ಬೇರಿನ ಕೆಳಕ್ಕೆ ತೊಳೆಯಲು ಗಿಡಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ನೀರು ಕೊಡಲೇಬೇಕು. ಅರಾವಾದ ಮರಳುನೆಲದಲ್ಲಿ ಆ ನೀರು ಸಲೀಸಾಗಿ ಇಳಿದುಹೋಗುತ್ತದೆ, ಹೋಗುವಾಗ ಕೆಳಗಿನ ನೀರಿಗೆ ಉಪ್ಪು ಸೇರಿಸುತ್ತದೆ. ನೀರು ಬಸಿಯದ ಜೇಡಿಮಣ್ಣಿನಲ್ಲಾದರೆ ನೆಲದಡಿ ಬಸಿಗಾಲುವೆ ಹಾಕದೆ ಬೇರೆ ದಾರಿಯಿಲ್ಲ. ಅದಿಲ್ಲದ ಕಡೆ ಎಷ್ಟು ಒಳ್ಳೆಯ ಡ್ರಿಪ್ಪರ್ ತಂದರೂ ತೋಟ ಕೆಲವು ವರ್ಷಗಳಲ್ಲಿ ಸವಳಾಗುತ್ತದೆ.