ಲಿಂಗತ್ವ ಅಲ್ಪಸಂಖ್ಯಾತರು ಮತ್ತು ಸಮವಸ್ತ್ರದ ಸೇವೆ: ತಪ್ಪು ಕಲ್ಪನೆ, ಸತ್ಯ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ, ಭೀಮಾ ತೀರದ ಅಗರಖೇಡದಂಥ ಊರುಗಳಲ್ಲಿ, ಪೊಲೀಸ್ ಮತ್ತು ಸೇನಾ ಭರ್ತಿ ಸರ್ಕಾರಿ ನೌಕರಿಯ ಪರಿಚಿತ ದಾರಿ. ಈ ದಾರಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಎಲ್ಲಿ ತೆರೆದಿದೆ, ಎಲ್ಲಿ ಮುಚ್ಚಿದೆ ಎಂಬ ಬಗ್ಗೆ ಹಲವು ತಪ್ಪು ಕಲ್ಪನೆಗಳಿವೆ.

ತಪ್ಪು ಕಲ್ಪನೆ: ಸಮವಸ್ತ್ರದ ನೌಕರಿಗೆ ಅವರು ಅರ್ಜಿಯನ್ನೇ ಹಾಕುವಂತಿಲ್ಲ.

ಸತ್ಯ: ಕರ್ನಾಟಕ ಪೊಲೀಸ್ ಇಲಾಖೆಯಲ್ಲಿ ಹಾಕಬಹುದು. 2020ರ ವಿಶೇಷ ಮೀಸಲು ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷ, ಮಹಿಳೆ ಎಂಬ ಎರಡೇ ವರ್ಗಗಳಿದ್ದವು. ಇದನ್ನು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ದುಡಿಯುವ ‘ಸಂಗಮ’ ಸಂಸ್ಥೆ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಅದರ ಫಲವಾಗಿ 2021ರ ಜುಲೈಯಲ್ಲಿ ಸರ್ಕಾರ ನಾಗರಿಕ ಸೇವಾ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು ಶೇ 1ರಷ್ಟು ಸಮತಲ ಮೀಸಲಾತಿ ಕೊಟ್ಟಿತು. ಇಂಥ ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ. 2022ರಲ್ಲಿ 3,484 ಸಶಸ್ತ್ರ ಕಾನ್‌ಸ್ಟೆಬಲ್ ಹುದ್ದೆಗಳಿಗೆ ಅರ್ಜಿ ಕರೆದಾಗ 79 ಹುದ್ದೆಗಳು ಅವರಿಗೆ ಮೀಸಲಾಗಿದ್ದವು.

ತಪ್ಪು ಕಲ್ಪನೆ: ಮೀಸಲಾತಿಯಿಂದ ಉಳಿದವರ ಹುದ್ದೆಗಳು ಖಾಲಿ ಬೀಳುತ್ತವೆ.

ಸತ್ಯ: ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಹೀಗೆ ಪ್ರತಿ ಪ್ರವರ್ಗದೊಳಗೂ ಈ ಶೇ 1 ಅನ್ವಯಿಸುತ್ತದೆ. ಅರ್ಹ ಅಭ್ಯರ್ಥಿ ಸಿಗದಿದ್ದರೆ ಆ ಹುದ್ದೆ ಅದೇ ಪ್ರವರ್ಗದ ಪುರುಷ ಅಥವಾ ಮಹಿಳೆಗೆ ಹೋಗುತ್ತದೆ.

ತಪ್ಪು ಕಲ್ಪನೆ: ಕಠಿಣ ಕರ್ತವ್ಯ ಅವರ ಕೈಲಾಗದು.

ಸತ್ಯ: ತಮಿಳುನಾಡಿನ ಕೆ. ಪ್ರೀತಿಕಾ ಯಾಶಿನಿ 2015ರಲ್ಲಿ ಮದ್ರಾಸ್ ಹೈಕೋರ್ಟಿನ ತೀರ್ಪು ಪಡೆದು, ಮುಂದೆ ಸಬ್ ಇನ್‌ಸ್ಪೆಕ್ಟರ್ ಆದರು. ಛತ್ತೀಸಗಢದಲ್ಲಿ 2021ರಲ್ಲಿ 13 ಮಂದಿ ಕಾನ್‌ಸ್ಟೆಬಲ್ ಹುದ್ದೆಗೆ ಆಯ್ಕೆಯಾದರು. ಮರುವರ್ಷ, ನಕ್ಸಲ್ ಪೀಡಿತ ಪ್ರದೇಶಕ್ಕೆಂದೇ ಕಟ್ಟಿದ ‘ಬಸ್ತರ್ ಫೈಟರ್ಸ್’ ಪಡೆಗೂ 9 ಮಂದಿ ಆಯ್ಕೆಯಾದರು. ಓಟ, ಜಿಗಿತ, ಲಿಖಿತ ಪರೀಕ್ಷೆಗಳಲ್ಲಿ ಅಳೆಯಬೇಕಾದದ್ದು ಒಬ್ಬೊಬ್ಬರ ಸಾಮರ್ಥ್ಯವನ್ನು, ಇಡೀ ಸಮುದಾಯದ ಬಗೆಗಿನ ಊಹೆಯನ್ನಲ್ಲ.

ತಪ್ಪು ಕಲ್ಪನೆ: ಹುಟ್ಟಿನ ಲಿಂಗಕ್ಕಿಂತ ಭಿನ್ನವಾದ ಲಿಂಗತ್ವ ಒಂದು ಮಾನಸಿಕ ಕಾಯಿಲೆ.

ಸತ್ಯ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರತೆಗೆದಿದೆ. ಆ ಆವೃತ್ತಿ 2022ರಲ್ಲಿ ಜಾರಿಗೆ ಬಂತು.

ತಪ್ಪು ಕಲ್ಪನೆ: ಅವರು ಸೇರಿದರೆ ಸೇನೆಯ ಶಿಸ್ತು, ಒಗ್ಗಟ್ಟು ಕೆಡುತ್ತದೆ.

ಸತ್ಯ: ನೆದರ್‌ಲ್ಯಾಂಡ್ಸ್ 1974ರಲ್ಲೇ ಅವರಿಗೆ ಸೇನೆಯ ಬಾಗಿಲು ತೆರೆಯಿತು. ಅಮೆರಿಕದ ರ‍್ಯಾಂಡ್ ಸಂಸ್ಥೆ 2016ರ ವರದಿಯಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಇಸ್ರೇಲ್ ಸೇನೆಗಳ ಅನುಭವ ಪರಿಶೀಲಿಸಿ, ತುಕಡಿಗಳ ಒಗ್ಗಟ್ಟಿನ ಮೇಲೆ ಪರಿಣಾಮ ಇಲ್ಲ ಅಥವಾ ಅತ್ಯಲ್ಪ ಎಂದು ಹೇಳಿತು. ಅಮೆರಿಕ 2016ರಲ್ಲಿ ಅವಕಾಶ ಕೊಟ್ಟು, 2019ರಲ್ಲಿ ನಿರ್ಬಂಧಿಸಿ, 2021ರಲ್ಲಿ ಮತ್ತೆ ತೆರೆದು, 2025ರಲ್ಲಿ ಪುನಃ ಮುಚ್ಚಿತು. ಅಲ್ಲಿ ಪ್ರತಿ ಬಾರಿ ನೀತಿ ಬದಲಾದದ್ದು ಅಧಿಕಾರದಲ್ಲಿದ್ದ ಸರ್ಕಾರದ ನಿಲುವಿನಿಂದ.

ತಪ್ಪು ಕಲ್ಪನೆ: ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಭಾರತದ ಸೇನೆಗೂ ಸೇರಬಹುದು.

ಸತ್ಯ: 2014ರ ಏಪ್ರಿಲ್ 15ರ ‘ನಾಲ್ಸಾ’ ತೀರ್ಪು ತೃತೀಯ ಲಿಂಗಕ್ಕೆ ಮಾನ್ಯತೆ ಕೊಟ್ಟಿತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ ಉದ್ಯೋಗದಲ್ಲಿ ತಾರತಮ್ಯ ನಿಷೇಧಿಸಿತು. ಆದರೂ ಭೂಸೇನೆ, ನೌಕಾಪಡೆ, ವಾಯುಪಡೆಗಳ ಭರ್ತಿಯಲ್ಲಿ ಅವರಿಗೆ ಪ್ರತ್ಯೇಕ ಅವಕಾಶ ಕಲ್ಪಿಸಿಲ್ಲ. 2017ರಲ್ಲಿ ಲಿಂಗ ಪರಿವರ್ತನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಾವಿಕರೊಬ್ಬರನ್ನು ನೌಕಾಪಡೆ ಸೇವೆಯಿಂದ ಬಿಡುಗಡೆ ಮಾಡಿತು. ಸಂವಿಧಾನದ 33ನೆಯ ವಿಧಿಯ ಪ್ರಕಾರ ಸೇನೆಯಲ್ಲಿ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರ ಸಂಸತ್ತಿಗಿದೆ. 1950ರ ಸೇನಾ ಕಾಯ್ದೆಯ 12ನೆಯ ಕಲಂ ಮಹಿಳೆಯರನ್ನೂ ಹೊರಗಿಟ್ಟು, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ವಿಭಾಗಗಳಲ್ಲಿ ಮಾತ್ರ ಅವರ ಸೇರ್ಪಡೆಗೆ ಅವಕಾಶ ಕೊಡುತ್ತದೆ.

ಮಹಿಳೆಯರ ವಿಷಯದಲ್ಲಿ ಆ ಬಾಗಿಲು ಹಂತಹಂತವಾಗಿ ತೆರೆದಿದೆ. 1963ರಲ್ಲಿ ಆರಂಭವಾದ ವಿಜಯಪುರದ ಸೈನಿಕ ಶಾಲೆ ಸೇರಿದಂತೆ ದೇಶದ ಸೈನಿಕ ಶಾಲೆಗಳಿಗೆ 2021–22ರಿಂದ ಹುಡುಗಿಯರ ಪ್ರವೇಶ ಶುರುವಾಯಿತು. 2022ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಮಹಿಳಾ ಕೆಡೆಟ್‌ಗಳು ಬಂದರು. ಲಿಂಗತ್ವ ಅಲ್ಪಸಂಖ್ಯಾತರಿಗೂ ಕಾನೂನು, ವೈದ್ಯಕೀಯ ಮಾನದಂಡ, ವಸತಿ ವ್ಯವಸ್ಥೆ ಈ ಮೂರನ್ನೂ ಸರ್ಕಾರ ಸ್ಪಷ್ಟವಾಗಿ ರೂಪಿಸುವುದು ನ್ಯಾಯದ ಹಾದಿ. ದೇಶ ಕಾಯಲು ಅರ್ಹರಾದವರನ್ನು ಅವರ ಲಿಂಗತ್ವದ ಕಾರಣಕ್ಕೆ ಹೊರಗಿಡಲು ಈವರೆಗಿನ ಅನುಭವದಲ್ಲಿ ಆಧಾರವಿಲ್ಲ.